ಎಡಕ್ಕೆ ವಾಲುವ ವಿಮಾನ

ನನ್ನ ವಿಮಾನ ಎಡಕ್ಕೆ ವಾಲುತ್ತದೆ. ಗಾಳಿ ಇಲ್ಲ, ಮಳೆ ಇಲ್ಲ, ಎರಡೂ ಇಂಜಿನ್ ಸರಿಯಾಗಿವೆ. ಜಾಯ್‌ಸ್ಟಿಕ್‌ನಿಂದ, ಅಂದರೆ ವಿಮಾನ ತಿರುಗಿಸುವ ಕೋಲಿನಿಂದ, ಕೈ ತೆಗೆದು ಸುಮ್ನೆ ಕೂತರೂ ಅದು ಎಡಕ್ಕೇ ಹೋಗುತ್ತದೆ. ಹಿಂದೆ ನೂರೈವತ್ತು ಪ್ರಯಾಣಿಕರು ಕೂತಿದ್ದಾರೆ. ಕಂಪ್ಯೂಟರಿನೊಳಗಿನ ಪ್ರಯಾಣಿಕರು, ಹಾಗಾಗಿ ಯಾರೂ ಕೂಗಾಡಲಿಲ್ಲ. ದೂರು ಕೊಟ್ಟವನು ನಾನೊಬ್ಬನೇ. ಅಲ್ಲೇ ಎಡವಿದ್ದು.

ರೋಗ ದೊಡ್ಡದೇನಲ್ಲ. ಕೋಲಿನ ಬುಡದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಬಿಡಿಭಾಗ ಇದೆ. ಪೊಟೆನ್ಶಿಯೋಮೀಟರ್ ಅಂತ ಹೆಸರು. ಒಳಗೆ ಕಾರ್ಬನ್ ಬಳಿದ ಒಂದು ಪಟ್ಟಿ. ಅದರ ಮೇಲೆ ಉಜ್ಜುತ್ತಾ ಓಡಾಡುವ ಪುಟ್ಟ ಲೋಹದ ನಾಲಿಗೆ. ನಾಲಿಗೆ ಎಲ್ಲಿದೆ ಎನ್ನುವುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ. ಅದನ್ನು ನೋಡಿ ಕೋಲು ಎಷ್ಟು ವಾಲಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಉಜ್ಜಿದ್ದು ಸವೆಯಲೇಬೇಕು. ಕೋಲು ಜಾಸ್ತಿ ಓಡಾಡುವುದು ನಡುವಿನ ಆಸುಪಾಸಿನಲ್ಲೇ, ಹಾಗಾಗಿ ಮೊದಲು ಸವೆಯುವುದೂ ಅಲ್ಲೇ. ಆಮೇಲೆ ಕೋಲು ನೆಟ್ಟಗೆ ನಿಂತಿದ್ದರೂ ಈ ನಾಲಿಗೆ 'ನಾನು ಸ್ವಲ್ಪ ಎಡಕ್ಕಿದ್ದೇನೆ' ಎಂದು ಸುಳ್ಳು ಹೇಳಲು ಶುರು ಮಾಡುತ್ತದೆ.

ಉಜ್ಜದೇ ಅಳೆಯುವ ದಾರಿ ಇಲ್ಲವೇ? ಇದೆ. ಕರೆಂಟು ಹರಿಯುವ ಲೋಹವನ್ನು ಆಯಸ್ಕಾಂತದ ನಡುವೆ ಇಟ್ಟರೆ ಅದರ ಅಡ್ಡಕ್ಕೆ ಸಣ್ಣದೊಂದು ವೋಲ್ಟೇಜ್ ಹುಟ್ಟುತ್ತದೆ ಎಂದು ಎಡ್ವಿನ್ ಹಾಲ್ ಕಂಡುಕೊಂಡದ್ದು 1879ರಲ್ಲಿ. ಕೋಲಿನ ಜೊತೆ ಆಯಸ್ಕಾಂತ ಸರಿದಂತೆ ಆ ವೋಲ್ಟೇಜ್ ಬದಲಾಗುತ್ತದೆ, ಉಜ್ಜುವ ಮಾತೇ ಇಲ್ಲ. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಅಂದರೆ ವಿಮಾನ ಹುಟ್ಟುವ 24 ವರ್ಷ ಮೊದಲೇ ಸವೆಯದ ಸೆನ್ಸರ್‌ನ ಗುಟ್ಟು ಬಯಲಾಗಿತ್ತು. ಹಾಲ್ ಸೆನ್ಸರ್ ಇರುವ ಜಾಯ್‌ಸ್ಟಿಕ್‌ಗಳು ಇವತ್ತು ಸಿಗುತ್ತವೆ ಕೂಡ. ನನ್ನದರಲ್ಲಿ ಅದಿರಲಿಲ್ಲ. ಬದಲಿಗೆ ಬಣ್ಣ ಬದಲಿಸುವ ದೀಪ ಇತ್ತು. ಪೆಟ್ಟಿಗೆಯ ಮೇಲೆ '16 ಬಿಟ್ ನಿಖರತೆ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ 65,536 ಮೆಟ್ಟಿಲು. ಕೋಲು ತಾನಿಲ್ಲದ ಜಾಗದಲ್ಲಿ ಇದ್ದೇನೆ ಎಂದು ಹೇಳುವುದನ್ನೂ ಅಷ್ಟೇ ಕರಾರುವಾಕ್ಕಾಗಿ ಹೇಳುತ್ತದೆ. ಮಾತಿಗೆ ತಪ್ಪಿಲ್ಲ.

ಕಂಪನಿಯ ಸಹಾಯ ವಿಭಾಗಕ್ಕೆ ಬರೆದೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ಡ್ರೈವರ್ ಸಾಫ್ಟ್‌ವೇರ್ ಕಿತ್ತು ಹೊಸದು ಹಾಕಿ ಎಂದರು. ಹಾಕಿದೆ. ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಎಂದರು. ಬಲಗಡೆಯ ಪೋರ್ಟಿಗೆ ಚುಚ್ಚಿದೆ, ಬಲಕ್ಕಾದರೂ ವಾಲೀತು ಎಂಬ ಆಸೆಯಿಂದ. ಇಲ್ಲ. ನಾಲ್ಕನೆಯ ಪತ್ರದಲ್ಲಿ ಒಂದು ಪ್ರಶ್ನೆ ಬಂತು: 'ನಿಮ್ಮ ಮೇಜು ಸಮತಟ್ಟಾಗಿದೆಯೇ?' ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ನೆಲದ ಫೋಟೋ ಕಳಿಸಿ ಎಂದು ನೋಡುವವರನ್ನು ಕೇಳಿರಲಿಕ್ಕಿಲ್ಲ. ನಾನು ಮೇಜಿನ ಫೋಟೋ ಕಳಿಸಿದೆ.

ಐದನೆಯ ಪತ್ರದಲ್ಲಿ ಔಷಧಿ ಬಂತು: ಡೆಡ್ ಝೋನ್ ಜಾಸ್ತಿ ಮಾಡಿ.

ಡೆಡ್ ಝೋನ್ ಅಂದರೆ ನಡುವಿನ ಸುತ್ತ ಒಂದಿಷ್ಟು ಜಾಗ. ಅಲ್ಲಿ ಕೋಲು ಏನೇ ಹೇಳಿದರೂ ಆಟ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸ್ವಲ್ಪ ಇದ್ದರೆ ಒಳ್ಳೆಯದೇ, ಕೈ ನಡುಗಿದ್ದೆಲ್ಲ ವಿಮಾನಕ್ಕೆ ತಲುಪುವುದಿಲ್ಲ. ಇವರು ಹೇಳಿದ್ದು ಬೇರೆ. ನಮ್ಮ ಕೋಲು ಸುಳ್ಳು ಹೇಳುತ್ತಿದ್ದರೆ ನೀವು ಕಿವುಡರಾಗಿ, ಅಷ್ಟೇ. ಶೇ. 5 ಇಟ್ಟೆ. ಒಂದು ವಾರ ಆರಾಮಾಗಿತ್ತು. ಆಮೇಲೆ ಶೇ. 10. ಆಮೇಲೆ 20. ಈಗ ಇಳಿಯುವ ಹೊತ್ತು. ರನ್‌ವೇ ಎದುರಿಗೇ ಇದೆ. ಕೂದಲೆಳೆಯಷ್ಟು ಬಲಕ್ಕೆ ತಿರುಗಬೇಕು. ಕೋಲು ತಳ್ಳುತ್ತೇನೆ, ಉತ್ತರವಿಲ್ಲ. ಇನ್ನೂ ತಳ್ಳುತ್ತೇನೆ, ಉತ್ತರವಿಲ್ಲ. ಮತ್ತೂ ತಳ್ಳುತ್ತೇನೆ. ವಿಮಾನಕ್ಕೆ ಒಮ್ಮೆಲೇ ಎಚ್ಚರವಾಗಿ, ರೆಕ್ಕೆ ಹೋಗಿ ನೆಲಕ್ಕೆ ಬಡಿಯುತ್ತದೆ. ಯಾವುದಾದರೂ ಕಚೇರಿಗೆ ಅರ್ಜಿ ಹಾಕಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

'ಆ ಪುಟ್ಟ ಭಾಗವೊಂದನ್ನು ಕಳಿಸಿಕೊಡಿ, ನಾನೇ ಹಾಕಿಕೊಳ್ಳುತ್ತೇನೆ' ಎಂದು ಬರೆದೆ. 'ನಾವು ಬಿಡಿಭಾಗ ಮಾರುವುದಿಲ್ಲ' ಎಂದು ಉತ್ತರ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಕಥೆ ಗೊತ್ತಿತ್ತು. ಇವರು ತಲೆಯನ್ನೇ ಬದಲಿಸುವವರು. ಕೊನೆಯ ಬಿ-52 ಬಾಂಬರ್ ಕಾರ್ಖಾನೆಯಿಂದ ಹೊರಬಂದದ್ದು 1962ರಲ್ಲಿ. ಆ ವಿಮಾನಗಳು ಇವತ್ತೂ ಹಾರುತ್ತಿವೆ. 1935ರಲ್ಲಿ ಮೊದಲು ಹಾರಿದ ಡಿಸಿ-3 ಜಾತಿಯವು ಇನ್ನೂ ಅಲ್ಲೊಂದು ಇಲ್ಲೊಂದು ಆಕಾಶದಲ್ಲಿವೆ. ಸವೆದದ್ದನ್ನು ತೆಗೆಯುತ್ತಾರೆ, ಹೊಸದು ಹಾಕುತ್ತಾರೆ, ಪುಸ್ತಕದಲ್ಲಿ ಬರೆದು ಸಹಿ ಮಾಡುತ್ತಾರೆ. ಅಂಥ ವಿಮಾನವನ್ನು ಹಾರಿಸುವ ಆಟ ಆಡಲು ಕೊಂಡ ಕೋಲಿಗೆ ಮಾತ್ರ ಎರಡು ವರ್ಷಕ್ಕೇ ಮುಪ್ಪು.

ಕೊನೆಗೆ ನಾನೇ ಬಿಚ್ಚಿದೆ. ಬುಡ ತಿರುವಿದರೆ ಆರು ಸ್ಕ್ರೂ ಕಾಣುತ್ತವೆ. ಏಳನೆಯದು ಸ್ಟಿಕ್ಕರ್ ಕೆಳಗೆ ಅಡಗಿ ಕೂತಿದೆ. 'ಇದನ್ನು ಕಿತ್ತರೆ ವಾರಂಟಿ ರದ್ದು' ಎಂದು ಬರೆದಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನೋ ಅಂಕಿಗಳು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ಇಂಥ ಬೆದರಿಕೆಗಳ ಬಗ್ಗೆ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆದಿತ್ತು. ನನ್ನ ಸ್ಟಿಕ್ಕರ್ ಆ ಪತ್ರ ಓದಿರಲಿಲ್ಲ. ಉಗುರಿನಿಂದ ಎಬ್ಬಿಸಿದೆ, ಮೂರು ಚೂರಾಗಿ ಬಂತು.

ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಎಂಬ, ವಿದ್ಯುತ್ ಬಿಡಿಭಾಗ ತೊಳೆಯುವ ಸ್ಪ್ರೇ ಹೊಡೆದು, ಕೋಲನ್ನು ಐವತ್ತು ಸಲ ಆ ಕಡೆ ಈ ಕಡೆ ಆಡಿಸಿದೆ. (ಕಿರುಗುಟ್ಟುವ ಬಾಗಿಲಿಗೆ ಹೊಡೆಯುವ ಎಣ್ಣೆಯನ್ನು ಮಾತ್ರ ಹೊಡೆಯಬೇಡಿ. ಧೂಳು ಅಂಟಿಕೊಂಡು ಇನ್ನೂ ಕೆಡುತ್ತದೆ.) ನಿಜವಾದ ವಿಮಾನದ ಕೆಲಸ ಮುಗಿದ ಮೇಲೆ ಒಂದೊಂದು ಸ್ಪ್ಯಾನರನ್ನೂ ಎಣಿಸಿ ವಾಪಸ್ ಇಡುತ್ತಾರಂತೆ. ನಾನೂ ಎಣಿಸಿದೆ. ಏಳು ಸ್ಕ್ರೂ ತೆಗೆದಿದ್ದೆ, ಆರು ಸಿಕ್ಕಿತು. ಹಾರಾಟಕ್ಕೆ ಯೋಗ್ಯ ಎಂದು ನಾನೇ ಸಹಿ ಹಾಕಿದೆ. ನಾಲ್ಕು ದಿನ ವಿಮಾನ ದಾರದ ಹಾಗೆ ನೇರ ಹೋಯಿತು. ಐದನೆಯ ದಿನ ಮತ್ತೆ ಎಡಕ್ಕೆ. ತೊಳೆದರೆ ಕೊಳೆ ಹೋಗುತ್ತದೆ, ಸವೆದ ಕಾರ್ಬನ್ ಎಲ್ಲಿಂದ ಬರಬೇಕು?

ಹನ್ನೊಂದನೆಯ ಪತ್ರಕ್ಕೆ ಕಂಪನಿಯ ಮನಸ್ಸು ಕರಗಿತು. ಹೊಸ ಜಾಯ್‌ಸ್ಟಿಕ್ ಕಳಿಸುತ್ತೇವೆ, ಹಳೆಯದನ್ನು ವಾಪಸ್ ಕಳಿಸುವುದು ಬೇಡ ಎಂದರು. ಎಷ್ಟು ಒಳ್ಳೆಯವರು ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲು: ಹಳೆಯದರ ವೈರ್ ಕತ್ತರಿಸಿ, ಅದು ಬಳಸಲು ಬಾರದಂತೆ ಆಗಿದೆ ಎಂಬುದಕ್ಕೆ ಫೋಟೋ ಕಳಿಸಿ. ಹನ್ನೆರಡು ಗುಂಡಿಗಳು ಗಟ್ಟಿಯಾಗಿವೆ. ಸ್ಪ್ರಿಂಗು ಹೊಸದರ ಹಾಗಿದೆ. ಬಣ್ಣದ ದೀಪ ಜಗಮಗ ಅನ್ನುತ್ತಿದೆ. ಉಗುರಿನಷ್ಟು ಒಂದು ಭಾಗದ ತಪ್ಪಿಗೆ ಇಡೀ ಕುಟುಂಬಕ್ಕೆ ಗಲ್ಲು, ಗಲ್ಲಿಗೆ ಹಾಕುವವನು ಮನೆಯ ಯಜಮಾನ. ಕತ್ತರಿ ತಂದೆ. ಕತ್ತರಿಸಿದೆ. ಎರಡೂ ತುದಿ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿದೆ.

ನಿನ್ನೆ ಉತ್ತರ ಬಂತು. 'ಫೋಟೋಗೆ ಧನ್ಯವಾದ. ಆದರೆ ಸೀರಿಯಲ್ ನಂಬರ್ ಕಾಣುತ್ತಿಲ್ಲ. ಬುಡದ ಸ್ಟಿಕ್ಕರ್ ಸ್ಪಷ್ಟವಾಗಿ ಕಾಣುವಂತೆ ಇನ್ನೊಂದು ಕಳಿಸಿ.'

ಮೂರು ಚೂರುಗಳನ್ನು ಜೋಡಿಸುತ್ತಾ ಕೂತಿದ್ದೇನೆ. ವಿಮಾನ ಮಾತ್ರ ಈಗ ಎಡಕ್ಕೆ ವಾಲುತ್ತಿಲ್ಲ. ವೈರ್ ಕತ್ತರಿಸಿದ ದಿನದಿಂದ ನೆಟ್ಟಗೆ ಹೋಗುತ್ತಿದೆ.