ಈಗ ಬೀಳುತ್ತೆ, ಈಗ ಬೀಳುತ್ತೆ

ಇಂಗ್ಲೆಂಡಿನ ಕಡಲತೀರದ ಊರುಗಳಿಗೆ ಹೋದಾಗೆಲ್ಲ ನನ್ನ ಚಿಲ್ಲರೆ ನುಂಗುವುದು 2 ಪೆನ್ಸ್ ನಾಣ್ಯ ತಳ್ಳುವ ಆ ಜೂಜಿನಾಟದ ಯಂತ್ರ. ಕಳೆದ ವಾರ ಬ್ಲ್ಯಾಕ್‌ಪೂಲ್‌ನಲ್ಲೂ ಅದೇ ಕತೆ.

ಗಾಜಿನ ಹಿಂದೆ ನಾಣ್ಯ ತುಂಬಿದ ಎರಡು ತಟ್ಟೆ. ಕೆಳಗಿನದರ ಅಂಚಿನಿಂದ ಬಟ್ಟಲಿಗೆ ಬಿದ್ದ ನಾಣ್ಯ ನಮ್ಮದು. ಮೇಲಿನದು ಹಿಂದೆ ಮುಂದೆ ಆಡುತ್ತಿರುತ್ತದೆ. ಅದು ಹಿಂದೆ ಸರಿದಾಗ ನಾವು ಹಾಕಿದ ನಾಣ್ಯ ಹಿಂಬದಿಯ ಗೋಡೆಗೆ ತಾಗಿ ಮುಂದಿನವನ್ನು ನೂಕಬೇಕು. ಆದರೆ ಅದು ಇನ್ನೊಂದು ನಾಣ್ಯದ ಮೇಲೆ ಹತ್ತಿ ಕೂತರೆ ನೂಕುವುದೂ ಇಲ್ಲ, ಗೀಕುವುದೂ ಇಲ್ಲ. ಸುಮ್ನೆ ಸವಾರಿ.

ಅಂಚಿನಲ್ಲಿ ಅರ್ಧ ಹೊರಗೆ ಚಾಚಿದ ನಾಣ್ಯಗಳು. ಬೀಳಲ್ಲ! ಅವುಗಳ ಬಾಲದ ಮೇಲೆ ಬೇರೆ ನಾಣ್ಯಗಳ ಭಾರ ಇರುತ್ತದೆ ಅಲ್ವಾ.

ಇದನ್ನೂ ಸಹಿಸಬಹುದು. ಎರಡೂ ಪಕ್ಕದಲ್ಲಿ ಒಂದೊಂದು ಸಂದು ಇದೆ ನೋಡಿ, ನನಗೆ ಉರಿಯುವುದು ಅದಕ್ಕೆ. ಅಲ್ಲಿ ಬಿದ್ದದ್ದು ಮಾಲೀಕನ ಡಬ್ಬಕ್ಕೆ. ಅವತ್ತು ಏಳು ನಾಣ್ಯ ಒಟ್ಟಿಗೆ ಜಾರಿದವು. ಠಣಠಣ ಸದ್ದೂ ಆಯಿತು. ಬಟ್ಟಲಿಗೆ ಕೈ ಹಾಕಿದರೆ ಎರಡೇ! ಸಿಟ್ಟಿನಲ್ಲಿ ಸೊಂಟದಿಂದ ಸ್ವಲ್ಪ ಗುದ್ದಿದೆ. ಅಲಾರಂ ಕೂಗಿಕೊಂಡಿತು. ಪಕ್ಕದ ಅಜ್ಜಿ ನನ್ನನ್ನು ಕಳ್ಳನ ಹಾಗೆ ನೋಡಿದರು.

ಆಮೇಲೆ ಇನ್ನೊಂದು ಪೌಂಡಿಗೆ ಚಿಲ್ಲರೆ ತಗೊಂಡೆ.