ಸ್ಪಷ್ಟನೆ: ಪೆಟ್ರೋಲ್ ತುಂಬಿಸಿದರೆ ಓವರ್‌ಟೇಕ್ ಜಾಸ್ತಿಯಾಗಲ್ಲ

"ಫಾರ್ಮುಲಾ ಒನ್‌ನಲ್ಲಿ ರೇಸ್ ನಡುವೆ ಇಂಧನ ತುಂಬಿಸೋದನ್ನು ಮತ್ತೆ ತಂದರೆ ಓವರ್‌ಟೇಕ್ ಹೆಚ್ಚುತ್ತೆ. ಪರಿಸರದ ನೆಪ ಹೇಳಿ ಸುಮ್ನೆ ನಿಲ್ಲಿಸಿದರು" ಅನ್ನೋ ಮಾತು ಓಡಾಡುತ್ತಿದೆ. ಎರಡೂ ಸರಿಯಲ್ಲ.

1994ರಿಂದ 2009ರವರೆಗೆ ರೇಸ್ ನಡುವೆ ಇಂಧನ ತುಂಬಿಸಲು ಅವಕಾಶ ಇತ್ತು. ಆದರೆ ಮುಂದಿನ ಕಾರನ್ನು ಟ್ರ್ಯಾಕ್ ಮೇಲೆ ಹಿಂದಿಕ್ಕುವ ಬದಲು, ಅದು ಪಿಟ್‌ಗೆ (ಇಂಧನ ತುಂಬಿಸಲು ಟ್ರ್ಯಾಕ್ ಪಕ್ಕದಲ್ಲಿ ನಿಲ್ಲುವ ಜಾಗ) ಹೋಗಲಿ ಅಂತ ಕಾಯುವುದೇ ಜಾಣತನವಾಗಿತ್ತು. ಸ್ಥಾನ ಬದಲಾಗುತ್ತಿತ್ತು ನಿಜ, ನೋಡೋಕೆ ಏನೂ ಇರುತ್ತಿರಲಿಲ್ಲ.

2010ರಲ್ಲಿ ನಿಲ್ಲಿಸಲು ಮುಖ್ಯ ಕಾರಣ ಖರ್ಚು. ಇಂಧನ ತುಂಬುವ ಭಾರಿ ಯಂತ್ರಗಳನ್ನು ದೇಶ ದೇಶಕ್ಕೆ ಸಾಗಿಸಬೇಕಿತ್ತು. ಅಪಾಯವೂ ಕಡಿಮೆ ಇರಲಿಲ್ಲ. 1994ರಲ್ಲಿ ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಚಾಲಕ ಯೋಸ್ ವರ್ಸ್ಟಾಪನ್ (ಹೌದು, ಚಾಂಪಿಯನ್ ಚಾಲಕ ಮ್ಯಾಕ್ಸ್‌ನ ಅಪ್ಪ) ಕಾರಿನ ಮೇಲೆ ಪೆಟ್ರೋಲ್ ಚಿಮ್ಮಿ ಬೆಂಕಿ ಹೊತ್ತಿತು. 2008ರ ಸಿಂಗಪುರದಲ್ಲಿ ಮುಂಚೂಣಿಯಲ್ಲಿದ್ದ ಚಾಲಕ ಫೆಲಿಪೆ ಮಾಸಾ, ಪಿಟ್‌ನಿಂದ ಹೊರಡಲು ಸೂಚಿಸುವ ಹಸಿರು ದೀಪ ಬೇಗ ಬಂತೆಂದು ಹೊರಟೇಬಿಟ್ಟರು. ಇಂಧನದ ಪೈಪ್ ಕಾರಿಗೇ ಅಂಟಿಕೊಂಡಿತ್ತು! ಮೆಕ್ಯಾನಿಕ್‌ಗಳು ಪಿಟ್ ಲೇನ್ ಕೊನೆವರೆಗೆ ಓಡಿ ಅದನ್ನು ಕಿತ್ತರು. ಮಾಸಾ ಮುಗಿಸಿದ್ದು 13ನೇ ಸ್ಥಾನದಲ್ಲಿ. ಆ ವರ್ಷದ ಪಟ್ಟ ಕೈತಪ್ಪಿದ್ದು ಒಂದೇ ಒಂದು ಅಂಕದಿಂದ.

ಓವರ್‌ಟೇಕ್ ಬೇಕಂದ್ರೆ ನೋಡಬೇಕಾದ್ದು ಮುಂದಿನ ಕಾರಿನಿಂದ ಹಿಂದಿನ ಕಾರಿಗೆ ಬಡಿಯುವ ಕದಡಿದ ಗಾಳಿಯನ್ನು. 2022ರ ಕಾರು ವಿನ್ಯಾಸದ ನಿಯಮಗಳು ಕೈಹಾಕಿದ್ದು ಅಲ್ಲಿಗೇ.