ಓಡದೆ ನಿಂತ ಮರದ ಕೋಸ್ಟರ್

ನಾನು ಪೆನ್ಸಿಲ್ವೇನಿಯಾಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಹತ್ತಿದ, ಆಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟೋ ಸಲ ಹತ್ತಿದ ಹಳೆಯ ಮರದ ರೋಲರ್ ಕೋಸ್ಟರ್ ಈ ವರ್ಷವೂ ಓಡಲಿಲ್ಲ. ಅದನ್ನು ಕೆಡವಿಬಿಡುತ್ತಾರೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದ್ದರೂ ಅದಿರುವ ಮನರಂಜನಾ ಉದ್ಯಾನದವರು ಹೌದೆಂದೂ ಹೇಳುತ್ತಿಲ್ಲ, ಇಲ್ಲವೆಂದೂ ಹೇಳುತ್ತಿಲ್ಲ. ಹೋದ ತಿಂಗಳು ಬೇಲಿಯ ಹೊರಗೆ ನಿಂತು ನೋಡಿದೆ. ಮೊದಲ ಏರಿನ ಕಂಬಗಳಲ್ಲಿ ಬಿಳಿ ಬಣ್ಣ ಹಕ್ಕಳೆಯೆದ್ದಿದೆ, ಅಡಿಯಲ್ಲಿ ಬಳ್ಳಿ ಹಬ್ಬಿದೆ, ಹಳಿಯ ಮೇಲಿನ ಉಕ್ಕಿನ ಪಟ್ಟಿ ಕೆಂಪಗೆ ತುಕ್ಕು ಹಿಡಿದಿದೆ. ದಿನವೂ ಬಂಡಿ ಓಡುವ ಹಳಿ ಚಕ್ರದ ಉಜ್ಜಾಟಕ್ಕೆ ಫಳಫಳ ಹೊಳೆಯುತ್ತಿರುತ್ತದೆ.

ಮರದ ಕೋಸ್ಟರನ್ನು ಬಲ್ಲವರಿಗೆ ಈ ತುಕ್ಕು ಏಕೆ ಸಂಕಟ ತರುತ್ತದೆಂಬುದು ಗೊತ್ತು. ಹಲಗೆಗಳನ್ನು ಪದರ ಪದರವಾಗಿ ಜೋಡಿಸಿ, ಮೇಲೆ ಉಕ್ಕಿನ ಪಟ್ಟಿ ಬಿಗಿದು ಮಾಡಿದ ಹಳಿ ಅದು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಬಂಡಿಯ ಕುಲುಕಾಟಕ್ಕೆ ಬೋಲ್ಟುಗಳು ಸಡಿಲಗೊಳ್ಳುತ್ತವೆ. ಆದ್ದರಿಂದಲೇ ಜನರನ್ನು ಒಳಗೆ ಬಿಡುವ ಮುನ್ನ ಬೆಳಗ್ಗೆ ಕೆಲಸಗಾರರು ಹಳಿಯುದ್ದಕ್ಕೂ ನಡೆದು, ಹಲಗೆಗಳನ್ನು ನೋಡಿ, ಬೋಲ್ಟು ಬಿಗಿಗೊಳಿಸುತ್ತಾರೆ, ಚಳಿಗಾಲದಲ್ಲಿ ಕೆಟ್ಟ ಹಲಗೆ ಕಿತ್ತು ಹೊಸದನ್ನು ಹಾಕುತ್ತಾರೆ. ನಮ್ಮ ಕಡೆ ಜಾತ್ರೆಗೆ ಮೊದಲು ಬಡಗಿ ಬಂದು ತೇರಿನ ಗಾಲಿ, ಅಚ್ಚುಗಳನ್ನು ತಟ್ಟಿ ನೋಡುವುದು ನನಗೆ ನೆನಪಾಗುವುದು ಇಲ್ಲಿಯೇ. ಗಾಲಿ ಹೊಸದಾದರೂ ತೇರು ಹಳೆಯದೇ. ಹಲಗೆ ಹೊಸದಾದರೂ ಕೋಸ್ಟರ್ ಅದೇ.

ಆದರೆ ತೇರು ಊರಿನದು, ಒಂದು ವರ್ಷ ಎಳೆಯದಿದ್ದರೆ ಏಕೆಂದು ಊರೇ ಕೇಳುತ್ತದೆ. ನಮ್ಮಲ್ಲೂ ಮಳೆಗೆ ನೆನೆದು ಪಾಳುಬಿದ್ದ ತೇರುಗಳಿವೆ, ಅದನ್ನು ಮರೆಮಾಚುವುದು ಸರಿಯಲ್ಲ. ಆದರೂ ಕೇಳುವ ಹಕ್ಕು ಅಲ್ಲಿ ಯಾರಿಗೂ ಹೊಸದಲ್ಲ. ಇಲ್ಲಿ ಕೋಸ್ಟರ್ ಒಡೆಯನ ಸ್ವತ್ತು. ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಹೆಸರಿದ್ದರೂ ಖಾಸಗಿ ಒಡೆಯ ತನ್ನ ಹಣದಿಂದ ಕೆಡವುವುದಾದರೆ ಆ ಪಟ್ಟಿ ತಡೆಯಲಾರದು. ಓಹಾಯೋದ ಜಿಯಾಗಾ ಲೇಕ್ ಉದ್ಯಾನ 2007ರಲ್ಲಿ ಮುಚ್ಚಿದಾಗ 1925ರ ‘ಬಿಗ್ ಡಿಪ್ಪರ್’ ಕೋಸ್ಟರ್ ಅಲ್ಲಿಯೇ ನಿಂತಿತು, ಒಂಬತ್ತು ವರ್ಷ ಗಾಳಿಮಳೆಗೆ ಮೈಯೊಡ್ಡಿ, 2016ರಲ್ಲಿ ನೆಲಕ್ಕುರುಳಿತು. ಮೊದಲು ಆರೈಕೆ ನಿಲ್ಲಿಸುವುದು, ಆಮೇಲೆ ದುರಸ್ತಿಗೆ ಮೀರಿದೆ ಎನ್ನುವುದು: ನನ್ನ ಸಿಟ್ಟು ಈ ಕ್ರಮದ ಮೇಲೆ.

ಬ್ರಿಟನ್ನಿನ ರೀತಿ ಬೇರೆ. ಮಾರ್ಗೇಟಿನ 1920ರ ‘ಸೀನಿಕ್ ರೈಲ್ವೆ’ ಎಂಬ ಮರದ ಕೋಸ್ಟರ್ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ್ದರಿಂದ ಅದನ್ನು ಅನುಮತಿಯಿಲ್ಲದೆ ಕೆಡವುವಂತಿರಲಿಲ್ಲ. 2008ರಲ್ಲಿ ಬೆಂಕಿಗೆ ಅದರ ಒಂದು ಭಾಗ ಸುಟ್ಟುಹೋದರೂ 2015ರಲ್ಲಿ ಮತ್ತೆ ಓಡಿತು. ಅಮೆರಿಕದಲ್ಲಿಯೂ ಉಳಿಸಿಕೊಂಡವರಿದ್ದಾರೆ. ಸ್ಯಾನ್ ಡಿಯಾಗೋದ ‘ಜೈಂಟ್ ಡಿಪ್ಪರ್’ 1976ರಲ್ಲಿ ನಿಂತಾಗ ಊರಿನ ಜನರೇ ಸಮಿತಿ ಕಟ್ಟಿ ಕೆಡವದಂತೆ ತಡೆದರು, 1990ರಲ್ಲಿ ಅದು ಮತ್ತೆ ತೆರೆಯಿತು. ನಮ್ಮದೇ ರಾಜ್ಯದ ಆಲ್ಟೂನಾದಲ್ಲಿ 1902ರ ‘ಲೀಪ್ ದ ಡಿಪ್ಸ್’ 1985ರಿಂದ ಮುಚ್ಚಿದ್ದು, ಅದರ ಮೇಲೆ ಅಕ್ಕರೆಯಿದ್ದವರ ಹಟದಿಂದ 1999ರಲ್ಲಿ ಮತ್ತೆ ಓಡಿತು. ಇಷ್ಟು ಹತ್ತಿರದಲ್ಲಿ ಇಂಥ ಉದಾಹರಣೆಯಿರುವಾಗ ನಮ್ಮ ಉದ್ಯಾನದವರ ಮೌನವನ್ನು ಒಪ್ಪಲು ನನ್ನಿಂದಾಗುತ್ತಿಲ್ಲ.

ಏರು ಹತ್ತುವಾಗ ಬರುವ ಟಕಟಕ ಸದ್ದು ಬಂಡಿಯನ್ನು ಮೇಲಕ್ಕೆಳೆಯುವ ಸರಪಳಿಯದಲ್ಲ, ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬೀಳುವ ಕಬ್ಬಿಣದ ಕೊಕ್ಕೆಯದು ಎಂದು ಮಗಳಿಗೆ ಹೇಳಿಕೊಟ್ಟಿದ್ದೆ. ಅಂದಿನಿಂದ ಅವಳು ಆ ಸದ್ದನ್ನು ಎಣಿಸುತ್ತ ಭಯ ಮರೆಯುತ್ತಿದ್ದಳು. ದುರಸ್ತಿಗೆ ಹಣ ಸಾಲದಿದ್ದರೆ ಉದ್ಯಾನದವರು ಹಾಗೆಂದೇ ಹೇಳಲಿ, ಕೈಜೋಡಿಸಲು ನಮ್ಮಂಥವರಿದ್ದೇವೆ. ಹಲಗೆ ಬದಲಿಸುವ ಕೆಲಸ ಈ ಚಳಿಗಾಲದಲ್ಲಿ ಶುರುವಾಗದಿದ್ದರೆ ಮುಂದಿನ ಬೇಸಿಗೆಗೂ ಅದು ಓಡುವುದಿಲ್ಲ.